‘ಪಿಎಫ್‌ಓಎಸ್ ಇಲ್ಲ’ ಎಂದ ಮಾತ್ರಕ್ಕೆ ನೊರೆ ನಿರಪಾಯವಲ್ಲ

ಪ್ರಶ್ನೆ: ವೈಟ್‌ಫೀಲ್ಡ್‌ನ ನಮ್ಮ ಅಪಾರ್ಟ್‌ಮೆಂಟ್‌ನ ಜನರೇಟರ್ ಕೊಠಡಿಯಲ್ಲಿ ಎಎಫ್‌ಎಫ್‌ಎಫ್ ಎಂಬ, ಎಣ್ಣೆಯ ಬೆಂಕಿ ಆರಿಸುವ ನೊರೆಯ ಸಿಲಿಂಡರ್‌ಗಳಿವೆ. ರೀಫಿಲ್ ಮಾಡುವವರು ಹಳೆಯ ದ್ರಾವಣವನ್ನು ಮೋರಿಗೆ ಸುರಿದು, ಹೊಸದರಲ್ಲಿ ಪಿಎಫ್‌ಓಎಸ್ ಎಂಬ ರಾಸಾಯನಿಕ ಇಲ್ಲ, ಪರಿಸರಕ್ಕೆ ಹಾನಿಯಿಲ್ಲ ಎನ್ನುತ್ತಾರೆ. ನಂಬಬಹುದೇ?

ನಂಬಬಾರದು. ಪಿಎಫ್‌ಎಎಸ್ ಎನ್ನುವುದು ಸಾವಿರಾರು ಫ್ಲೋರಿನ್ ಸಂಯುಕ್ತಗಳ ದೊಡ್ಡ ಕುಟುಂಬ, ಪಿಎಫ್‌ಓಎಸ್ ಅದರಲ್ಲೊಂದು. ಪರಿಸರದಲ್ಲಿ ದೀರ್ಘಕಾಲ ಉಳಿಯುವ ಮಾಲಿನ್ಯಕಾರಕಗಳನ್ನು ನಿರ್ಬಂಧಿಸುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದವು ಅದನ್ನು 2009ರಲ್ಲಿ, ಅದೇ ಕುಟುಂಬದ ಪಿಎಫ್‌ಓಎಯನ್ನು 2019ರಲ್ಲಿ, ಪಿಎಫ್‌ಎಚ್‌ಎಕ್ಸ್‌ಎಸ್ಸನ್ನು 2022ರಲ್ಲಿ ಪಟ್ಟಿಗೆ ಸೇರಿಸಿತು. ಒಂದನ್ನು ನಿರ್ಬಂಧಿಸುವಷ್ಟರಲ್ಲಿ ಇನ್ನೊಂದು ಮಾರುಕಟ್ಟೆಗೆ ಬಂದಿರುತ್ತದೆಯಾದ್ದರಿಂದ, ಇಡೀ ಕುಟುಂಬವನ್ನೇ ಒಟ್ಟಾಗಿ ನಿಯಂತ್ರಿಸಬೇಕೆಂಬುದು ನನ್ನ ನಿಲುವು. ಉರಿಯುವ ಡೀಸೆಲ್ ಮೇಲೆ ನೀರಿನ ತೆಳುಪದರ ಹರಡುವಂತೆ ಮಾಡುವುದೇ ಫ್ಲೋರಿನ್ ಸಂಯುಕ್ತ. ಎಎಫ್‌ಎಫ್‌ಎಫ್ ಎಂದ ಮೇಲೆ ಅದು ಇದ್ದೇ ಇರುತ್ತದೆ. ಆದ್ದರಿಂದ ಅದರ ಬದಲಿಗೆ ಬೇರೆ ನೊರೆ ಕೊಳ್ಳುವಾಗ ‘ಫ್ಲೋರಿನ್‌ರಹಿತ’ ಎಂಬ ಲಿಖಿತ ಭರವಸೆಯನ್ನೂ, ಒಟ್ಟು ಸಾವಯವ ಫ್ಲೋರಿನ್‌ನ ಪ್ರಯೋಗಾಲಯ ವರದಿಯನ್ನೂ ಕೇಳಿ. ಅಂಥ ನೊರೆಯನ್ನು ಹಳೆಯ ಸಿಲಿಂಡರಿಗೆ ತುಂಬಿಸಬೇಡಿ: ಒಳಗೋಡೆಗೆ ಅಂಟಿದ ಶೇಷ ಅದರಲ್ಲಿ ಬೆರೆಯುತ್ತದೆ, ನಳಿಕೆಯೂ ಹೊಂದದೆ ಹೋಗಬಹುದು. ಬದಲಿ ಉಪಕರಣ ಬರುವವರೆಗೆ ಇರುವುದನ್ನು ತೆಗೆಯಲೂ ಬೇಡಿ. ಬೆಂಕಿ ನಿಮ್ಮ ಖರೀದಿ ಸಮಿತಿಯ ಸಭೆಗೆ ಕಾಯುವುದಿಲ್ಲ.

ಮೋರಿಗೆ ಸುರಿಯುವುದನ್ನು ಇಂದೇ ನಿಲ್ಲಿಸಿ. ನೆಲಮಾಳಿಗೆಯ ಇಳಿಜಾರಿನಲ್ಲಿ ಸಿಲಿಂಡರನ್ನು ಬೋರಲು ಹಾಕಿ ಪೈಪಿನಿಂದ ತೊಳೆದಾಗ, ಆ ಬಿಳಿನೊರೆ ಜಾಲರಿಯ ಮೂಲಕ ಮಳೆನೀರಿನ ಇಂಗುಗುಂಡಿಗೆ ಇಳಿಯುತ್ತದೆ; ಪಕ್ಕದಲ್ಲೇ ನಿಮ್ಮ ಬೋರ್‌ವೆಲ್ ಇರುತ್ತದೆ. ಹಳೆಯ ದ್ರಾವಣವನ್ನು ಮುಚ್ಚಳವಿರುವ ಕ್ಯಾನಿನಲ್ಲಿ ಹೆಸರು ಬರೆದಿಟ್ಟು, ಅಪಾಯಕಾರಿ ತ್ಯಾಜ್ಯ ನಿರ್ವಹಣೆಗೆ ಪರವಾನಗಿ ಪಡೆದವರಿಗೇ ಒಪ್ಪಿಸಿ.

ಪ್ರಶ್ನೆ: ಬೆಳ್ಳಂದೂರು ಕೆರೆಯ ನೊರೆಯೂ ಇದೇನಾ?

ಅಲ್ಲ. ಅದು ಮುಖ್ಯವಾಗಿ ಕೊಳಚೆನೀರು ಮತ್ತು ಡಿಟರ್ಜೆಂಟ್‌ನದು.

ಪ್ರಶ್ನೆ: ನೀರನ್ನು ಕುದಿಸಿದರೆ ಪಿಎಫ್‌ಎಎಸ್ ಹೋಗುವುದೇ?

ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆರ್‌ಓ ಬಹುಪಾಲನ್ನು ತೆಗೆಯುತ್ತದೆ.

ಪ್ರಶ್ನೆ: ಅಗ್ನಿಶಾಮಕ ದಳದಲ್ಲಿರುವ ನನ್ನ ಅಣ್ಣನಿಗೆ, ರಕ್ತದಿಂದ ಪಿಎಫ್‌ಎಎಸ್ ತೊಳೆಯುವ ಕಷಾಯವೆಂದು ಒಬ್ಬರು ಮಾರುತ್ತಿದ್ದಾರೆ.

ಅದು ಶುದ್ಧ ಮೋಸ, ದುಡ್ಡು ಕೊಡಬೇಡಿ. ಪಿಎಫ್‌ಓಎಸ್‌ನ ಪ್ರಮಾಣ ದೇಹದಲ್ಲಿ ಅರ್ಧಕ್ಕಿಳಿಯಲು ವರ್ಷಗಳೇ ಬೇಕು. ಆಸ್ಟ್ರೇಲಿಯಾದ ಅಗ್ನಿಶಾಮಕರ ಮೇಲೆ ನಡೆದ ಪ್ರಯೋಗದಲ್ಲಿ ಪ್ಲಾಸ್ಮಾ ಮತ್ತು ರಕ್ತದಾನದಿಂದ ಪ್ರಮಾಣ ತಗ್ಗಿತಾದರೂ, ವೈದ್ಯರನ್ನು ಕೇಳದೆ ಅದನ್ನೇ ಚಿಕಿತ್ಸೆಯೆಂದು ಹೊರಡಬೇಡಿ. ರಕ್ಷಣಾ ಕೋಟಿನ ನೀರು ತಡೆಯುವ ಲೇಪನ ಮತ್ತು ಒಳಪದರಗಳಲ್ಲಿಯೂ ಫ್ಲೋರಿನ್ ಸಂಯುಕ್ತಗಳಿರಬಹುದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಅಂಥ ಉಡುಪಿನ ಮಾರಾಟವನ್ನು 2027ರಿಂದ ನಿಷೇಧಿಸುವ ಕಾನೂನನ್ನು 2024ರಲ್ಲೇ ಮಾಡಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದ್ದಕ್ಕೆ ಹೊಗೆಮಸಿಯೂ ಕಾರಣ. ಆದ್ದರಿಂದ ಕೋಟು ಠಾಣೆಯಲ್ಲೇ ಇರಲಿ. ಮನೆಯ ವಾಷಿಂಗ್ ಮೆಷಿನ್‌ಗೆ ಹಾಕಲೇಬೇಡಿ.