ಸಾಸೇಜ್ ಒಳಗೆ ಗುಲಾಬಿ ಬಣ್ಣ: ಬೆಂದಿದೆಯೋ ಇಲ್ಲವೋ?

ಪ್ರಶ್ನೆ: ಮಕ್ಕಳಿಗೆ ಹಾಟ್‌ಡಾಗ್ ಮಾಡಲು ಫ್ರೋಜನ್ ಚಿಕನ್ ಸಾಸೇಜ್ ತರುತ್ತೇವೆ. ಎಷ್ಟು ಕುದಿಸಿದರೂ ಒಳಗೆ ಗುಲಾಬಿ ಬಣ್ಣವೇ ಇರುತ್ತದೆ, ಸಿಪ್ಪೆ ಮಾತ್ರ ಒಡೆಯುತ್ತದೆ. ಬೆಂದದ್ದು ಗೊತ್ತಾಗುವುದು ಹೇಗೆ? ಮಳೆಗಾಲದಲ್ಲಿ ಕರೆಂಟ್ ಹೋದರೆ ಫ್ರೀಜರಿನಲ್ಲಿದ್ದದ್ದು ಕೆಡುತ್ತದೆಯೇ?
– ಓದುಗರು, ಕಾರವಾರ

ಉತ್ತರ: ಬಣ್ಣವನ್ನು ನಂಬಬೇಡಿ. ಸಾಸೇಜಿಗೆ ಹಾಕುವ ನೈಟ್ರೈಟ್‌ನಿಂದಾಗಿ ಮಾಂಸ ಪೂರ್ತಿ ಬೆಂದರೂ ಗುಲಾಬಿಯಾಗಿಯೇ ಉಳಿಯುತ್ತದೆ. ಮೊದಲು ಪ್ಯಾಕೆಟ್ ಓದಿ. ‘ಪ್ರೀ-ಕುಕ್ಡ್’ ಎಂದಿದ್ದರೆ ಕಾರ್ಖಾನೆಯಲ್ಲೇ ಬೇಯಿಸಿದ್ದು. ಹಾಗಂತ ತಣ್ಣಗೆ ತಿನ್ನಬಾರದು. ಬೇಯಿಸಿದ ನಂತರ, ಪ್ಯಾಕ್ ಮಾಡುವಾಗ, ಲಿಸ್ಟೀರಿಯಾ ಬ್ಯಾಕ್ಟೀರಿಯಾ ಸೇರಿಕೊಳ್ಳುವ ಸಾಧ್ಯತೆ ಇದೆ. ಅದು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಂತೂ ಇದರಲ್ಲಿ ಸಡಿಲ ಬೇಡ.

ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅಡುಗೆ ಥರ್ಮಾಮೀಟರಿನ ಮೊನೆಯನ್ನು ಸಾಸೇಜಿನ ತುದಿಯಿಂದ ಉದ್ದಕ್ಕೆ, ಮಧ್ಯದವರೆಗೆ ತೂರಿಸಿ ನೋಡಿ. ಅದಿಲ್ಲದಿದ್ದರೆ ಅತಿ ದಪ್ಪನೆಯದನ್ನು ಅಡ್ಡ ಕತ್ತರಿಸಿ: ನಡುವಿನಿಂದಲೂ ಬಿಸಿ ಹಬೆ ಏಳಬೇಕು. ಹಸಿ ಮಾಂಸದ ಸಾಸೇಜಾದರೆ ಥರ್ಮಾಮೀಟರ್ ಇರಲೇಬೇಕು.

ಸಿಪ್ಪೆ ಒಡೆಯುವುದು ಕೊತಕೊತ ಕುದಿಸುವುದರಿಂದ. ಒಳಗಿನ ನೀರು ಹಬೆಯಾಗಿ ಸಿಪ್ಪೆಯನ್ನು ಸೀಳುತ್ತದೆ, ರುಚಿಯೂ ನೀರಿಗೆ ಹೋಗುತ್ತದೆ. ನೀರು ಕುದಿ ಬಂದೊಡನೆ ಉರಿ ತಗ್ಗಿಸಿ, ತಳದಿಂದ ಸಣ್ಣ ಗುಳ್ಳೆ ಏಳುವಷ್ಟೇ ಇಟ್ಟು, ಮಂಜು ಬಿಟ್ಟ ಸಾಸೇಜನ್ನು ಐದಾರು ನಿಮಿಷ ಬಿಡಿ. ಬಣ್ಣ ಬೇಕಿದ್ದರೆ ಆಮೇಲೆ ಎಣ್ಣೆ ಸವರಿದ ತವಾದ ಮೇಲೆ ಎರಡು ನಿಮಿಷ ಹೊರಳಿಸಿ. ಫ್ರೀಜರಿನಿಂದ ತೆಗೆದದ್ದನ್ನೇ ದೊಡ್ಡ ಉರಿಯ ತವಾಕ್ಕೆ ಹಾಕಿದರೆ ಮೇಲೆ ಕಪ್ಪಾಗುತ್ತದೆ, ನಡುವೆ ತಣ್ಣಗೇ ಇರುತ್ತದೆ. ಮಂಜು ಬಿಡಿಸಲು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ. ನಮ್ಮ ಕರಾವಳಿಯ ಸೆಖೆಯಲ್ಲಿ ಕಟ್ಟೆಯ ಮೇಲೆ ಇಡಲೇಬೇಡಿ. ಒಡೆದ ಪ್ಯಾಕೆಟ್ ಫ್ರಿಜ್ಜಿನಲ್ಲಿ ಒಂದು ವಾರದೊಳಗೆ ಮುಗಿಯಲಿ.

ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪು ಹಿಡಿಯುತ್ತದೆ. ಕೆಳಗಿನ ಫ್ರಿಜ್ ನಾಲ್ಕೇ ಗಂಟೆ. ಸಾಸೇಜಿನಲ್ಲಿ ಇನ್ನೂ ಮಂಜಿನ ಹರಳಿದ್ದರೆ ಮತ್ತೆ ಫ್ರೀಜ್ ಮಾಡಬಹುದು. ಮೆತ್ತಗೆ, ಬೆಚ್ಚಗೆ ಆಗಿದ್ದರೆ ವಾಸನೆ ನೋಡುತ್ತ ಕೂರದೆ ಎಸೆಯಿರಿ.

ಗಡಿಯಾಚೆಯಿಂದ ಬರುವ ಗೋವಾ ಸಾಸೇಜಿಗೆ ಈ ಐದಾರು ನಿಮಿಷದ ಲೆಕ್ಕ ಸಲ್ಲದು. ಅದು ಮೆಣಸು, ವಿನೆಗರ್ ಹಾಕಿದ ಹಸಿ ಹಂದಿಮಾಂಸ. ಸಿಪ್ಪೆ ಬಿಡಿಸಿ, ಈರುಳ್ಳಿ, ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ.

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ದುಂಡು ಬಿಲ್ಲೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ನಾಲ್ಕಾಗಿ ಸೀಳಿ, ಆಮೇಲೆ ಚಿಕ್ಕದಾಗಿ ಹೆಚ್ಚಿ ಕೊಡಿ.