ಪರಿಚಯದ ಕೌನ್ಸೆಲರ್ ಹತ್ತಿರ ಹೋಗಬಹುದಾ? ನಾನು ಹೋಗಿದ್ದೆ

ಊರು ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು, ಇರುವ ಒಬ್ಬರೇ ಕೌನ್ಸೆಲರ್ ನಿಮ್ಮ ಅತ್ತಿಗೆಗೆ ತುಂಬಾ ಆಪ್ತರು. ಅವರು ಗುಟ್ಟು ಕಾಪಾಡುತ್ತಾರಾ, ನಾನು ಅಲ್ಲಿಗೆ ಹೋಗೋದನ್ನು ಯಾರಾದರೂ ನೋಡಿದರೆ ಏನು ಹೇಳೋದು ಅಂತ ಕೇಳಿದ್ದೀರಿ. ಅತ್ತಿಗೆ ಅನ್ನೋ ಕಡೆ ನಾದಿನಿ ಅಂತ ಬರೆದರೆ ಇದು ನನ್ನದೇ ಪ್ರಶ್ನೆ.

ನನಗೆ ಶುರುವಾಗಿದ್ದು ಮಗು ಹುಟ್ಟಿ ಕೆಲವು ವಾರಕ್ಕೆ. ತರಕಾರಿ ಹೆಚ್ಚುತ್ತಿದ್ದೆ. ಮಗು ಅಲ್ಲೇ ತೊಟ್ಟಿಲಲ್ಲಿ ಮಲಗಿತ್ತು. ಈ ಚಾಕುವಿನಿಂದ ಮಗುವಿಗೆ ನಾನೇ ಏನಾದರೂ ಮಾಡಿಬಿಟ್ಟರೆ ಅಂತ ಒಂದು ಯೋಚನೆ ಎಲ್ಲಿಂದಲೋ ನುಗ್ಗಿತು. ಕೈ ನಡುಗಿತು. ಚಾಕುವನ್ನು ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಡಬ್ಬಿಯನ್ನು ಎಟುಕದ ಕಡೆ ಇಟ್ಟು, ಅದರ ಮೇಲೆ ಇನ್ನೊಂದು ಭಾರದ ಡಬ್ಬಿ ಇಟ್ಟೆ. ರಾತ್ರಿ ಎದ್ದು ಅದು ಅಲ್ಲೇ ಇದೆಯಾ ಅಂತ ನೋಡುತ್ತಿದ್ದೆ. ಆಮೇಲೆ ಕತ್ತರಿ ಬಚ್ಚಿಟ್ಟೆ. ಆಮೇಲೆ ಮಗುವಿಗೆ ಸ್ನಾನ ಮಾಡಿಸೋದೇ ಬಿಟ್ಟೆ. ಸೊಂಟ ನೋವು ಅಂತ ಸುಳ್ಳು ಹೇಳಿ ನಮ್ಮ ಮನೆಯವರ ಕೈಲಿ ಮಾಡಿಸುತ್ತಿದ್ದೆ. ನಾನು ಕೆಟ್ಟವಳು, ಯಾವತ್ತೋ ಒಂದು ದಿನ ನನ್ನ ಕೈಯಿಂದ ಆಗಬಾರದ್ದು ಆಗುತ್ತೆ ಅಂತಲೇ ನಂಬಿದ್ದೆ.

ನಿದ್ದೆ ಇಲ್ಲದೆ ಸೊರಗಿದ್ದು ಎಲ್ಲರಿಗೂ ಕಾಣುತ್ತಿತ್ತು. ನಾದಿನಿಯೇ ಹೇಳಿದಳು, "ಅತ್ತಿಗೆ, ನನ್ನ ಫ್ರೆಂಡ್ ಥೆರಪಿಸ್ಟ್, ತುಂಬಾ ಒಳ್ಳೆಯವರು, ನಾನು ಮಾತಾಡ್ತೀನಿ." ಗೊತ್ತಿರುವವರು ಅಂದರೆ ಭಯ ಇಲ್ಲ, ಹೊಸಬರಿಗೆ ಮೊದಲಿಂದ ಎಲ್ಲಾ ಹೇಳೋದು ಯಾರು ಅಂತ ಒಪ್ಪಿಕೊಂಡೆ. ನನ್ನ ತಪ್ಪು ಇಲ್ಲೇ ಆಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನೀವು ಭಯಪಡುತ್ತಿರುವ ಜಾಗವೇ ಬೇರೆ, ಪೆಟ್ಟು ಬೀಳುವ ಜಾಗವೇ ಬೇರೆ.

ಆ ಮೇಡಂ ನನ್ನ ವಿಷಯ ಯಾರಿಗೂ ಹೇಳಲಿಲ್ಲ. ಇವತ್ತಿನವರೆಗೂ ಒಂದು ಮಾತು ಆಚೆ ಬಂದಿಲ್ಲ. ಮೊದಲ ದಿನವೇ "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ" ಅಂದಿದ್ದರು, ಹಾಗೇ ನಡೆದುಕೊಂಡರು. ಅವರಲ್ಲಿ ಕೊರತೆ ಇರಲಿಲ್ಲ. ಬಾಯಿ ಬಿಡದೇ ಇದ್ದಿದ್ದು ನಾನು.

ಅವರು ಒಂದು ದಿನ ಸರಿಯಾದ ಪ್ರಶ್ನೆಯನ್ನೇ ಕೇಳಿದರು. "ಮಗು ಜೊತೆ ನೀವೊಬ್ಬರೇ ಇದ್ದಾಗ ಹೇಗನಿಸುತ್ತೆ?" ನಾಲಿಗೆ ತುದಿಯಲ್ಲಿತ್ತು. ಅಷ್ಟರಲ್ಲಿ ಕಣ್ಣ ಮುಂದೆ ನಾದಿನಿ ಬಂದಳು. ಇವರು ಹೇಳೋದಿಲ್ಲ, ಸರಿ. ಆದರೆ ಮುಂದಿನ ಸಲ ನಮ್ಮ ಮನೆಗೆ ಬಂದಾಗ ನಾನು ಮಗು ಎತ್ತಿಕೊಂಡಿದ್ದರೆ ಇವರ ಮುಖ ಹೇಗಿರುತ್ತೆ? ನನ್ನ ಕೈ ಕಡೆ ನೋಡುತ್ತಾರಾ? ನಾದಿನಿ ಜೊತೆ ಮಾತಾಡುವಾಗ ಬಾಯಿ ತಪ್ಪಿ ಅಲ್ಲ, ಬರೀ ಒಂದು ಕ್ಷಣ ಸುಮ್ಮನಾದರೂ ಸಾಕಲ್ವಾ, ಅವಳಿಗೆ ಗೊತ್ತಾಗಲ್ವಾ? ಇಷ್ಟೆಲ್ಲಾ ಲೆಕ್ಕ ಹಾಕಿ "ಖುಷಿಯಾಗುತ್ತೆ ಮೇಡಂ" ಅಂದೆ.

ಆ ಒಂದು ಉತ್ತರ ನನಗೆ ಎಷ್ಟು ದುಬಾರಿಯಾಯಿತು ಅಂದರೆ, ಅವರು ಕೊಟ್ಟ ಚಿಕಿತ್ಸೆಯೆಲ್ಲ ನಾನು ಹೇಳಿದ ಕಥೆಗೆ ಸರಿಯಾಗಿತ್ತು, ನನ್ನ ಕಾಯಿಲೆಗೆ ಅಲ್ಲ. ನಿದ್ದೆ ಬರಲ್ಲ, ಟೆನ್ಷನ್ ಅಂದೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟರು. ಆತಂಕದ ಯೋಚನೆ ಬಂದರೆ ಬೇರೆ ಕಡೆ ಗಮನ ಹರಿಸಿ ಅಂದರು. ನನಗಿದ್ದಿದ್ದು ಓಸಿಡಿ, ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗಿ, ಆ ಭಯ ಇಳಿಸೋಕೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ಅದಕ್ಕೆ ಇದು ಉಲ್ಟಾ ಹೊಡೆಯುತ್ತೆ. ಯೋಚನೆಯನ್ನು ಒತ್ತಿ ಹಿಡಿದಷ್ಟೂ ಅದು ಮರಳಿ ಬರುತ್ತೆ. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಬಿಳಿ ಕರಡಿಯ ಬಗ್ಗೆ ಮಾತ್ರ ಯೋಚಿಸಬೇಡಿ ಅಂತ ಜನರಿಗೆ ಹೇಳಿ ಇದನ್ನೇ ತೋರಿಸಿದರು. ಕರಡಿ ಮತ್ತೆ ಮತ್ತೆ ಬಂತು. ನಾನು ತಿಂಗಳುಗಟ್ಟಲೆ ಉಸಿರು ಎಣಿಸುತ್ತಾ ಚಾಕುವಿನ ಯೋಚನೆಯನ್ನು ದೂಡುತ್ತಿದ್ದೆ. ಅದು ಇನ್ನಷ್ಟು ಗಟ್ಟಿಯಾಗುತ್ತಾ ಹೋಯಿತು. ಥೆರಪಿಗೆ ಹೋದರೂ ಸರಿಹೋಗಲಿಲ್ಲ ಅಂದರೆ ನಾನು ನಿಜವಾಗಿಯೂ ಕೆಟ್ಟವಳೇ ಅಂತ ತೀರ್ಮಾನ ಮಾಡಿಕೊಂಡೆ. ಮಗು ಬೋರಲು ಬಿದ್ದಿದ್ದು, ಕೂತಿದ್ದು ಎಲ್ಲಾ ನಾನು ಇನ್ನೊಂದು ಕೋಣೆಯ ಬಾಗಿಲಲ್ಲಿ ನಿಂತು ನೋಡಿದ್ದು.

ಹೇಳಿದ್ದರೆ ಆ ಮೇಡಂ ಗುರುತಿಸುತ್ತಿದ್ದರು ಅಂತಲೇ ನನ್ನ ನಂಬಿಕೆ. ಹೆರಿಗೆಯ ನಂತರ ಇಂಥ ಯೋಚನೆ ಬರೋದು ಅಪರೂಪವೇನಲ್ಲ. ಓಸಿಡಿ ಇಲ್ಲದವರಿಗೂ ಬೇಡದ, ಭಯಾನಕ ಯೋಚನೆಗಳು ಬಂದು ಹೋಗುತ್ತವೆ ಅಂತ ರಾಕ್‌ಮನ್ ಮತ್ತು ಡಿ ಸಿಲ್ವಾ 1978ರಲ್ಲೇ ತೋರಿಸಿದ್ದಾರೆ. ಬಹುಪಾಲು ಜನ ಛೇ ಅಂದು ಮುಂದೆ ಹೋಗುತ್ತಾರೆ. ಓಸಿಡಿ ಇರುವವರು ಅದಕ್ಕೆ ಅರ್ಥ ಹುಡುಕುತ್ತಾರೆ, ಬಚ್ಚಿಡುತ್ತಾರೆ, ಮತ್ತೆ ಮತ್ತೆ ನೋಡುತ್ತಾರೆ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ!

ಈಗ ನಿಮ್ಮ ಪ್ರಶ್ನೆ. ಅವರು ಗುಟ್ಟು ಕಾಪಾಡುತ್ತಾರಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಸರಿಯಾಗಿ ತರಬೇತಿ ಪಡೆದವರು ಬಹುತೇಕ ಕಾಪಾಡುತ್ತಾರೆ. ಅವರ ಎದುರು ಕೂತು ನಿಮಗೆ ಅತ್ಯಂತ ನಾಚಿಕೆ ಆಗುವ ಮಾತನ್ನು ಹೇಳೋಕೆ ಆಗುತ್ತಾ? ಅಷ್ಟನ್ನೇ ನೋಡಿ. ಮನೆಯಲ್ಲೇ ಕೂತು ಪರೀಕ್ಷೆ ಮಾಡಬಹುದು. ಯಾರಿಗೂ ಹೇಳದ ಆ ವಾಕ್ಯವನ್ನು ಮನಸ್ಸಿನಲ್ಲಿ ಅವರ ಹೆಸರು ಹಿಡಿದು ಹೇಳಿ ನೋಡಿ. ತಕ್ಷಣ ಅತ್ತಿಗೆ ಮುಖ ಕಣ್ಣ ಮುಂದೆ ಬಂದರೆ ಆ ಬಾಗಿಲು ನಿಮಗಲ್ಲ. ಅವರು ಎಷ್ಟೇ ಒಳ್ಳೆಯವರಾಗಿರಲಿ.

ನಮ್ಮವರೇ ಆದರೆ ನಮ್ಮನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ ಅಂತಲೂ ಬರೆದಿದ್ದೀರಿ. ನಾನು ಒಪ್ಪೋದಿಲ್ಲ. ನಮ್ಮವರು ಅರ್ಧ ಕೇಳಿ ಉಳಿದಿದ್ದನ್ನು ತಾವೇ ತುಂಬಿಕೊಳ್ಳುತ್ತಾರೆ. ನನ್ನ ಅತ್ತೆ ಜೋರು ಅಂತ ಆ ಮೇಡಂಗೆ ಮೊದಲೇ ಗೊತ್ತಿತ್ತು. ಹಾಗಾಗಿ ನನ್ನ ಟೆನ್ಷನ್‌ಗೆ ಅತ್ತೆಯೇ ಕಾರಣ ಇರಬಹುದು ಅಂತ ಅದರ ಬಗ್ಗೆಯೇ ಜಾಸ್ತಿ ಮಾತಾಡಿದೆವು. ಪಾಪ, ಅತ್ತೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಏನೂ ಗೊತ್ತಿಲ್ಲದವರು ಪ್ರತಿಯೊಂದನ್ನೂ ಕೇಳುತ್ತಾರೆ. ಆ ಕೇಳುವಿಕೆಯೇ ನಮಗೆ ಬೇಕಾಗಿರೋದು. ಭಾಷೆ ಮಾತ್ರ ನಿಮ್ಮದೇ ಇರಲಿ. ಅಳುತ್ತಾ ಮಾತಾಡುವಾಗ ಪದ ಹುಡುಕುವ ಹಾಗಿರಬಾರದು.

ನಾನು ಕೊನೆಗೆ ಹೋಗಿದ್ದು ದೂರದ ಒಬ್ಬರ ಹತ್ತಿರ, ವಿಡಿಯೋ ಕಾಲ್‌ನಲ್ಲಿ. ಮೊದಲ ಸೆಷನ್‌ಗೆ ಮುಂಚೆಯೇ ಒಂದು ಮೆಸೇಜ್ ಕಳಿಸಿದ್ದೆ. ಬಾಯಲ್ಲಿ ಹೇಳೋಕೆ ಆಗಲ್ಲ ಅಂತ ಗೊತ್ತಿತ್ತು, ಅದಕ್ಕೇ ಟೈಪ್ ಮಾಡಿದೆ. ಚಾಕು, ಕತ್ತರಿ, ಸ್ನಾನ, ಎಲ್ಲಾ. ಕಳಿಸಿದ ಮೇಲೆ ಫೋನ್ ಬೋರಲು ಹಾಕಿ ಕೂತಿದ್ದೆ. ಅವರು ಗಾಬರಿಯಾಗಲಿಲ್ಲ. ಸೆಷನ್‌ನಲ್ಲಿ ಕೇಳಿದ ಮೊದಲ ಪ್ರಶ್ನೆ, "ಆ ಯೋಚನೆ ಬಂದ ತಕ್ಷಣ ನೀವು ಏನು ಮಾಡ್ತೀರಿ?" ಯೋಚನೆ ಯಾಕೆ ಬಂತು ಅಂತ ಕೇಳಲೇ ಇಲ್ಲ. ಬಚ್ಚಿಡೋದು, ಎದ್ದು ನೋಡೋದು, ದೂರ ಇರೋದು ಇವೇ ಕಾಯಿಲೆಗೆ ಗೊಬ್ಬರ ಅಂತ ವಿವರಿಸಿದರು.

ಅವರು ಮಾಡಿದ ಚಿಕಿತ್ಸೆಗೆ ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್ ಅಂತಾರೆ. 1966ರಲ್ಲಿ ವಿಕ್ಟರ್ ಮೇಯರ್ ಅನ್ನುವವರು ಇಬ್ಬರು ರೋಗಿಗಳ ಮೇಲೆ ಈ ದಾರಿ ಪ್ರಯತ್ನಿಸಿ ಬರೆದರು. ಓಸಿಡಿಗೆ ಈಗಲೂ ಮೊದಲು ಸೂಚಿಸುವ ಥೆರಪಿ ಇದೇ. ಭಯಪಡುವ ವಸ್ತುವಿನ ಹತ್ತಿರ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು, ಆದರೆ ಭಯ ಇಳಿಸೋಕೆ ಮಾಡುತ್ತಿದ್ದ ಕೆಲಸ ಮಾಡಬಾರದು. ಮೊದಲು ಮಗು ಬೇರೆ ಕೋಣೆಯಲ್ಲಿ ಇರುವಾಗ ಚಾಕು ಟೇಬಲ್ ಮೇಲೆ ಇಟ್ಟುಕೊಂಡು ಕೂತೆ. ಬೆವರು ಇಳಿಯಿತು. ತೆಗೆದಿಡಲಿಲ್ಲ. ಆಮೇಲೆ ಮಗು ಅದೇ ಕೋಣೆಯಲ್ಲಿ ಆಡುತ್ತಿರುವಾಗ ತರಕಾರಿ ಹೆಚ್ಚಿದೆ. ಫೋನನ್ನು ಡಬ್ಬಿಗೆ ಒರಗಿಸಿ ಇಟ್ಟಿದ್ದೆ, ಅವರು ಅದರಲ್ಲಿ ನೋಡುತ್ತಿದ್ದರು. ಅವರ ಕ್ಲಿನಿಕ್‌ನಲ್ಲಿ ಕೂತಿದ್ದರೆ ಇದು ಆಗುತ್ತಿರಲಿಲ್ಲ ಅಲ್ವಾ? ಆನ್‌ಲೈನ್ ಥೆರಪಿ ಎರಡನೇ ದರ್ಜೆಯದು ಅನ್ನುವವರ ಮಾತು ಕೇಳಬೇಡಿ. ಚಿಕ್ಕ ಊರಿನವರಿಗೆ ಎಷ್ಟೋ ಸಲ ಅದೇ ಒಳ್ಳೆಯದು. ಮನೆಯಲ್ಲಿ ಬೇರೆಯವರ ಕಿವಿ ಇರುತ್ತೆ ಅನ್ನೋದು ನಿಜ. ಇಯರ್‌ಫೋನ್ ಹಾಕಿದರೆ ಅವರ ಮಾತು ಕೇಳಿಸಲ್ಲ, ನಿಮ್ಮ ಮಾತು ಕೇಳಿಸುತ್ತೆ. ಬಾಗಿಲ ಹೊರಗೆ ಫ್ಯಾನ್ ಇಲ್ಲವೇ ರೇಡಿಯೋ ಹಾಕಿಡಿ. ನಿಲ್ಲಿಸಿದ ಕಾರಿನಲ್ಲಿ ಕೂತು ಮಾತಾಡುವವರೂ ಇದ್ದಾರೆ.

ಇನ್ನು ಹುಡುಕೋದು. ಬೋರ್ಡಿನ ಮೇಲೆ ಏನಿದೆ ಅಂತ ನೋಡಿ ನಂಬಬೇಡಿ. ಸೈಕಿಯಾಟ್ರಿಸ್ಟ್ ಅಂದರೆ ಎಂ.ಬಿ.ಬಿ.ಎಸ್ ಥರದ ವೈದ್ಯಕೀಯ ಓದಿ ಬಂದವರು, ಮಾತ್ರೆ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಥೆರಪಿಯಲ್ಲಿ ತರಬೇತಿ ಪಡೆದವರು. ಕೌನ್ಸೆಲರ್ ಅಂತ ಬಹಳ ಕಡೆ ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಎಲ್ಲಿ ಓದಿದಿರಿ, ಯಾವ ನೋಂದಣಿ ಇದೆ, ನನ್ನಂಥ ತೊಂದರೆ ಇರುವವರನ್ನು ನೋಡಿದ್ದೀರಾ, ಹೇಗೆ ಚಿಕಿತ್ಸೆ ಮಾಡುತ್ತೀರಿ ಅಂತ ಸಂಕೋಚ ಇಲ್ಲದೆ ಕೇಳಿ. ಒಳ್ಳೆಯವರು ನೆಟ್ಟಗೆ ಉತ್ತರಿಸುತ್ತಾರೆ. ಪಾಸಿಟಿವ್ ಆಗಿ ಯೋಚಿಸಿ ಸಾಕು ಅಂದರೆ ಎದ್ದು ಬನ್ನಿ. ಮಾತ್ರೆಗೂ ಹೆದರಬೇಡಿ. ನನಗೆ ಥೆರಪಿ ಜೊತೆ ಮಾತ್ರೆಯೂ ಬೇಕಾಯಿತು. ಓಸಿಡಿಗೆ ಅದು ಕೆಲಸ ಮಾಡುತ್ತಾ ಅಂತ ತಿಳಿಯೋಕೆ 8ರಿಂದ 12 ವಾರ ಬೇಕಾಗಬಹುದು, ಮಧ್ಯದಲ್ಲಿ ನೀವೇ ನಿಲ್ಲಿಸಬೇಡಿ.

ಮೊದಲ ದಿನವೇ ಗುಟ್ಟಿನ ಮಿತಿ ಕೇಳಿಬಿಡಿ. ಮಿತಿ ಇದ್ದೇ ಇದೆ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ನಿಜವಾದ ಅಪಾಯ ಕಂಡರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ, ಕೋರ್ಟ್ ಆದೇಶ ಬಂದರೆ ಅವರು ಹೇಳಬೇಕಾಗಬಹುದು. ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಇದೂ ಒಂದು ಕಾರಣ, ಮಗುವನ್ನು ನನ್ನಿಂದ ಕಿತ್ತುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಬೇಡದೆ ನುಗ್ಗುವ, ನಮ್ಮನ್ನೇ ನಡುಗಿಸುವ ಯೋಚನೆ ಬೇರೆ, ಮಾಡುವ ಉದ್ದೇಶ ಬೇರೆ. ತಿಳಿದ ಥೆರಪಿಸ್ಟ್‌ಗೆ ಈ ವ್ಯತ್ಯಾಸ ಗೊತ್ತಿರುತ್ತೆ. ಆದರೆ ಹೆರಿಗೆಯಾದವರಿಗೆ ದನಿಗಳು ಕೇಳಿಸುತ್ತಿದ್ದರೆ, ಆ ಯೋಚನೆಯೇ ಸರಿ ಅನ್ನಿಸುತ್ತಿದ್ದರೆ, ಅಥವಾ ಯಾರಿಗೇ ಆಗಲಿ ಸಾಯಬೇಕು ಅನ್ನಿಸುತ್ತಿದ್ದರೆ, ಥೆರಪಿಸ್ಟ್ ಹುಡುಕುತ್ತಾ ಕೂರಬೇಡಿ. ಅದೇ ದಿನ ಹತ್ತಿರದ ಆಸ್ಪತ್ರೆಗೆ ಹೋಗಿ, ಜೊತೆಗೆ ಒಬ್ಬರನ್ನು ಕರೆದುಕೊಂಡು.

ಹೊರಗಿನವರು ಸಿಗಲೇ ಇಲ್ಲ, ನೆಟ್‌ವರ್ಕ್ ಇಲ್ಲ, ಇರೋದು ಅತ್ತಿಗೆಯ ಆ ಸ್ನೇಹಿತೆ ಮಾತ್ರ ಅಂದರೆ? ಆಗ ಹೋಗಿ, ಆದರೆ ಆ ಸಂಬಂಧವನ್ನೇ ಮೊದಲ ವಿಷಯ ಮಾಡಿ. "ಮೇಡಂ, ನೀವು ನಮ್ಮ ಅತ್ತಿಗೆಗೆ ಗೊತ್ತು, ಅದಕ್ಕೆ ನನಗೆ ಮಾತು ಬರ್ತಿಲ್ಲ" ಅಂತಲೇ ಶುರು ಮಾಡಿ. ಥೆರಪಿಸ್ಟೂ ಅವರೇ, ಪರಿಚಯದವರೂ ಅವರೇ ಅನ್ನುವ ಇಂಥ ಎರಡೆರಡು ಸಂಬಂಧವೆಲ್ಲ ನಿಷಿದ್ಧ ಅಂತ ಅವರ ವೃತ್ತಿ ನಿಯಮಗಳು ಹೇಳೋದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ 2002ರ ನೀತಿಸಂಹಿತೆ ಕೂಡ, ಕೆಲಸಕ್ಕೆ ಅಡ್ಡಿಯಾಗದ, ಹಾನಿ ಮಾಡದ ಸಂಬಂಧ ತಪ್ಪಲ್ಲ ಅನ್ನುತ್ತೆ. ನಿಮಗೆ ಅಡ್ಡಿಯಾಗುತ್ತಿದೆಯಾ ಅಂತ ನೀವು ಹೇಳದೆ ಅವರಿಗೆ ತಿಳಿಯೋದಿಲ್ಲ. ಸಮಾರಂಭದಲ್ಲಿ ಎದುರಾದರೆ ಏನು ಮಾಡೋದು, ಅತ್ತಿಗೆ ಕೇಳಿದರೆ ಏನು ಉತ್ತರ, ಫೈಲ್ ಎಲ್ಲಿರುತ್ತೆ, ಯಾರು ತೆಗೆಯುತ್ತಾರೆ, ನಿಮ್ಮ ವೃತ್ತಿಯ ಹಿರಿಯರ ಜೊತೆ ನನ್ನ ಕೇಸ್ ಚರ್ಚೆ ಮಾಡುತ್ತೀರಾ ಅಂತ ಕೇಳಿ. ಹೆಸರು ಹೇಳದೆ ಚರ್ಚೆ ಮಾಡೋದು ಅವರಲ್ಲಿ ವಾಡಿಕೆ. ಚಿಕ್ಕ ಊರಲ್ಲಿ ಹೆಸರು ಬಿಟ್ಟರೂ ವಿವರದಿಂದಲೇ ಗುರುತು ಸಿಗುತ್ತೆ. ಊರಿನ ಹೊರಗಿನವರ ಜೊತೆ ಮಾತ್ರ ಮಾತಾಡಿ ಅಂತ ಕೇಳುವ ಹಕ್ಕು ನಿಮಗಿದೆ. ಅವರೇ ಬೇರೆಯವರ ಹತ್ತಿರ ಕಳಿಸಲೂಬಹುದು. ನನ್ನ ಮೊದಲ ಮೇಡಂಗೆ ಆಮೇಲೆ ಎಲ್ಲಾ ಹೇಳಿದಾಗ "ಅವತ್ತೇ ಹೇಳಿದ್ರೆ ನಾನೇ ಕಳಿಸ್ತಿದ್ದೆ" ಅಂದರು.

ಯಾರಾದರೂ ನೋಡಿದರೆ ಏನು ಹೇಳೋದು ಅಂತ ಕೇಳಿದ್ದೀರಿ. "ಡಾಕ್ಟರ್ ಹತ್ತಿರ ಹೋಗಿದ್ದೆ" ಅನ್ನಿ. ಏನಾಗಿದೆ ಅಂತ ಕೇಳಿದರೆ "ನಿದ್ದೆ ಸರಿ ಇಲ್ಲ" ಅನ್ನಿ, ಸುಳ್ಳೂ ಅಲ್ಲ. ಬೀದಿಯಲ್ಲಿ ಥೆರಪಿಸ್ಟ್ ಎದುರಾದರೆ ಸಾಮಾನ್ಯವಾಗಿ ನೀವು ಮಾತಾಡಿಸದೆ ಅವರಾಗಿ ಮಾತಾಡಿಸೋದಿಲ್ಲ, ಅದನ್ನು ಅಸಡ್ಡೆ ಅಂದುಕೊಳ್ಳಬೇಡಿ. ನೋಡುವವರ ಚಿಂತೆಯಲ್ಲೇ ಇನ್ನೂ ಒಂದು ತಿಂಗಳು ಕಳೆಯಬೇಡಿ. ಇವತ್ತೇ ಇಬ್ಬರು ಮೂವರಿಗೆ ಮೆಸೇಜ್ ಕಳಿಸಿ, ಒಬ್ಬರ ಉತ್ತರಕ್ಕೆ ಕಾಯುತ್ತಾ ಕೂರಬೇಡಿ. ಯಾರ ಹತ್ತಿರವಾದರೂ ವೇಟಿಂಗ್ ಲಿಸ್ಟ್ ಇದ್ದರೆ ಹೆಸರು ಬರೆಸಿ, ಹುಡುಕೋದನ್ನು ನಿಲ್ಲಿಸಬೇಡಿ. ಮೆಸೇಜ್‌ನಲ್ಲಿ ಆ ಹೇಳಲಾಗದ ವಾಕ್ಯ ಇರಲೇಬೇಕು ಅಂತೇನಿಲ್ಲ. "ಒಂದು ವಿಷಯ ಇದೆ, ಬಾಯಲ್ಲಿ ಹೇಳೋಕೆ ಆಗ್ತಿಲ್ಲ, ಬರೆದು ತರಬಹುದಾ?" ಅಂತ ಕೇಳಿ.