ಗೋಲ್ಡ್ ಕಾರ್ಡ್ ಇದ್ದರೆ ಲೌಂಜ್‌ಗೆ ಎಷ್ಟು ಜನ ಹೋಗಬಹುದು?

ಪ್ರಶ್ನೆ: ನನ್ನ ಬಳಿ ಏರ್ ಇಂಡಿಯಾ ಗೋಲ್ಡ್ ಕಾರ್ಡ್ (ಪದೇಪದೇ ಪ್ರಯಾಣಿಸುವವರಿಗೆ ಕೊಡುವ ಸದಸ್ಯತ್ವದ ಮೇಲ್ದರ್ಜೆ) ಇದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾ, ಅಲ್ಲಿಂದ ಷಿಕಾಗೋಗೆ ಯುನೈಟೆಡ್, ಎರಡೂ ಎಕಾನಮಿ. ಹೆಂಡತಿ, ಕಾಲೇಜಿನ ಮಗಳೂ ಜೊತೆಗಿರುತ್ತಾರೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಲೌಂಜ್‌ಗೆ (ವಿಶ್ರಾಂತಿ ಕೊಠಡಿಗೆ) ನಮ್ಮನ್ನು ಬಿಡುತ್ತಾರೆಯೇ?

ಉತ್ತರ: ನಿಮ್ಮನ್ನೂ ಜೊತೆಗೆ ಒಬ್ಬರನ್ನೂ ಬಿಡುತ್ತಾರೆ, ಮೂರನೆಯವರಿಗೆ ಅವಕಾಶವಿಲ್ಲ. ಮೂರೂ ಕಂಪನಿಗಳು ಸ್ಟಾರ್ ಅಲಯನ್ಸ್ ಎಂಬ ವಿಮಾನ ಕಂಪನಿಗಳ ಒಕ್ಕೂಟದ ಸದಸ್ಯರು. ನಿಮ್ಮ ಕಾರ್ಡ್ ಈ ಒಕ್ಕೂಟದಲ್ಲಿ ಸ್ಟಾರ್ ಗೋಲ್ಡ್ ದರ್ಜೆಯದ್ದಾದ್ದರಿಂದ ಎಕಾನಮಿ ಟಿಕೆಟ್ ಅಡ್ಡಿಯಲ್ಲ. ಜೊತೆಗೆ ಬರುವವರೂ ಅಲ್ಲಿಂದಲೇ ಸ್ಟಾರ್ ಅಲಯನ್ಸ್ ವಿಮಾನ ಹತ್ತುವವರಾಗಿರಬೇಕು.

ಹೆಚ್ಚಿನವರು ಎಡವುವುದು ಕೋಡ್‌ಶೇರ್ ಟಿಕೆಟ್‌ನಲ್ಲಿ, ಅಂದರೆ ಒಂದು ಕಂಪನಿಯ ಸಂಖ್ಯೆಯಲ್ಲಿ ಮಾರಿ ಇನ್ನೊಂದು ಕಂಪನಿ ಹಾರಿಸುವ ವಿಮಾನದ ಟಿಕೆಟ್‌ನಲ್ಲಿ. ಟಿಕೆಟ್ ಮೇಲಿನ ವಿಮಾನ ಸಂಖ್ಯೆ ಯಾರದ್ದೇ ಇರಲಿ, ವಿಮಾನ ಹಾರಿಸುವ ಕಂಪನಿ ಸದಸ್ಯನಾಗಿರಬೇಕು. ಹೊರಡುವುದು ಅದೇ ದಿನ ಅಥವಾ ಮರುದಿನ ಬೆಳಗಿನ 5 ಗಂಟೆಯೊಳಗೆ ಇರಬೇಕು. ಬಂದಿಳಿದವರಿಗೆಂದು ಇರುವ ಅರೈವಲ್ ಲೌಂಜ್‌ಗೆ ಈ ಕಾರ್ಡ್ ನಡೆಯುವುದಿಲ್ಲ.

ಚೆಕ್-ಇನ್ ಆದ ಕೂಡಲೇ ಬೋರ್ಡಿಂಗ್ ಪಾಸ್‌ನಲ್ಲಿ ನಿಮ್ಮ ಗೋಲ್ಡ್ ದರ್ಜೆ ಮುದ್ರಣವಾಗಿದೆಯೇ ನೋಡಿ. ಬುಕಿಂಗ್‌ನಲ್ಲಿ ಬೇರೆ ಕಂಪನಿಯ ಸದಸ್ಯ ಸಂಖ್ಯೆ ಕೊಟ್ಟಿದ್ದರೆ ಆ ದರ್ಜೆ ಬರುವುದಿಲ್ಲ; ಆಗ ಕೌಂಟರ್‌ನಲ್ಲೇ ಸಂಖ್ಯೆ ಬದಲಿಸಿಕೊಳ್ಳಿ. ಕಾರ್ಡನ್ನೂ ಫೋನಿನಲ್ಲಿ ಸಿದ್ಧವಾಗಿಡಿ.

ಫ್ರಾಂಕ್‌ಫರ್ಟ್‌ನಲ್ಲಿ ಗೋಲ್ಡ್‌ನವರು ಕೇಳಬೇಕಾದದ್ದು ಲುಫ್ತಾನ್ಸಾದ ಸೆನೇಟರ್ ಲೌಂಜ್; ಬಿಸಿನೆಸ್ ಲೌಂಜ್‌ಗಿಂತ ಅದು ಒಂದು ಮೆಟ್ಟಿಲು ಮೇಲೆ. ಆದರೆ ಮೊದಲು ಗೇಟ್ ಸಂಖ್ಯೆ ನೋಡಿ, ಅದೇ ಭಾಗದ್ದನ್ನೇ ಆರಿಸಿ. ‘ಎ’ ಗೇಟುಗಳ ಕಡೆ ಹೋಗಲು ಪಾಸ್‌ಪೋರ್ಟ್ ತಪಾಸಣೆ ದಾಟಬೇಕು. ಷೆಂಗೆನ್ ವೀಸಾ (ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಇಲ್ಲದಿದ್ದರೆ ಅತ್ತ ಹೋಗಲಾಗದು.

ಷಿಕಾಗೋದಿಂದ ಮುಂದೆ ಯುನೈಟೆಡ್‌ನ ದೇಶೀಯ ವಿಮಾನವಿದ್ದರೆ ಅಲ್ಲಿನ ಯುನೈಟೆಡ್ ಕ್ಲಬ್‌ಗೂ (ಯುನೈಟೆಡ್‌ನ ಲೌಂಜ್) ಹೋಗಬಹುದು. ಯುನೈಟೆಡ್‌ನದೇ ಗೋಲ್ಡ್ ಸದಸ್ಯರಿಗೆ ಬರೀ ದೇಶೀಯ ಪ್ರಯಾಣದಲ್ಲಿ ಈ ಸೌಲಭ್ಯವಿಲ್ಲ; ನಿಮ್ಮ ಕಾರ್ಡ್ ಬೇರೆ ಕಂಪನಿಯದ್ದಾದ್ದರಿಂದ ನಿಮಗಿದೆ.